ಬಿಸಿಲ ಸೀಮೆಯ ಕಂಪ್ಯೂಟರಿಗೆ ನೀರಿನ ತಂಪು

ಕಂಪ್ಯೂಟರಿನ ಚಿಪ್ಪುಗಳಲ್ಲಿ ಹುಟ್ಟುವ ಬಿಸಿಯನ್ನು ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ನೀರಿಗೆ ದಾಟಿಸಿ, ಆ ನೀರನ್ನು ರೇಡಿಯೇಟರಿನಲ್ಲಿ ಆರಿಸಿ, ಮತ್ತೆ ಚಿಪ್ಪಿನ ಬಳಿಗೆ ಕಳಿಸುವ ವ್ಯವಸ್ಥೆಗೆ ವಾಟರ್ ಕೂಲಿಂಗ್ ಎಂದು ಹೆಸರು. ಇದರಲ್ಲಿ ಎರಡು ಬಗೆ ಉಂಟು. ಕಾರ್ಖಾನೆಯಲ್ಲೇ ದ್ರವ ತುಂಬಿ ಮೊಹರು ಮಾಡಿದ ಕಿಟ್ ತಂದು ನಾಲ್ಕು ಸ್ಕ್ರೂ ಬಿಗಿದರೆ ಮುಗಿಯಿತು, ಅದು ಒಂದು. ಪಂಪು, ರೇಡಿಯೇಟರು, ಕೊಳವೆ, ಚಿಪ್ಪಿನ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಬ್ಲಾಕು ಎಲ್ಲವನ್ನೂ ಬಿಡಿಬಿಡಿಯಾಗಿ ಆರಿಸಿ, ಯಂತ್ರಕ್ಕೂ ಕೋಣೆಗೂ ತಕ್ಕಂತೆ ಕೈಯಾರೆ ಜೋಡಿಸುವ ಕಸ್ಟಮ್ ಲೂಪ್ ಇನ್ನೊಂದು. ಈ ಲೇಖನ ಎರಡನೆಯದನ್ನು ಕುರಿತದ್ದು. ಅದರಲ್ಲೂ ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಬಿಸಿಲು, ದೂಳು, ಗಡಸು ನೀರು ಇವುಗಳ ನಡುವೆ ಅಂಥದೊಂದು ಲೂಪನ್ನು ಸದ್ದಿಲ್ಲದಂತೆ, ಕಣ್ಣಿಗೆ ಚೆಂದ ಕಾಣುವಂತೆ ಯೋಜಿಸುವುದು ಹೇಗೆ ಎಂಬುದನ್ನು ಕುರಿತದ್ದು.

ಈ ಸೀಮೆಯಲ್ಲಿ ಅಂಥ ಯಂತ್ರ ಯಾರಿಗೆ ಬೇಕು ಎಂದು ಕೇಳಬಹುದು. ಮದುವೆಯ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊಗಳಿಗೆ ಬೇಕು, ಕಟ್ಟಡದ ನಕ್ಷೆಗೆ ಮೂರು ಆಯಾಮದ ಚಿತ್ರ ಮಾಡಿಕೊಡುವವರಿಗೆ ಬೇಕು, ಮನೆಯಲ್ಲೇ ಕೃತಕ ಬುದ್ಧಿಮತ್ತೆಯ ಮಾದರಿ ಓಡಿಸುವ ಎಂಜಿನಿಯರಿಂಗ್ ಹುಡುಗರಿಗೆ ಬೇಕು. ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಹಾಡು ರೆಕಾರ್ಡ್ ಮಾಡುವವರಿಗೆ. ಇದೇ ಸೀಮೆಯ ಅರಕೇರಿ ಊರು ಸಿದ್ಧಪುರುಷ ಅಮೋಘಸಿದ್ಧನ ನೆಲ. ಡೊಳ್ಳಿನ ಪದದ ಮೇಳಗಳಿಗೆ ಇಲ್ಲಿ ಬರವಿಲ್ಲ. ಉತ್ತರ ಕರ್ನಾಟಕದ ಜಾನಪದ ಹಾಡುಗಳು ಈಗ ಸಣ್ಣ ಸಣ್ಣ ಕೋಣೆಗಳಲ್ಲೇ ರೆಕಾರ್ಡ್ ಆಗಿ ಮೊಬೈಲಿಗೆ ಬರುತ್ತವೆ. ಹಾಡುವವರ ಮೈಕೂ ಕಂಪ್ಯೂಟರೂ ಒಂದೇ ಕೋಣೆಯಲ್ಲಿದ್ದರೆ ಡೊಳ್ಳು ಬಾರಿಸುವಾಗ ಏನೂ ತಿಳಿಯುವುದಿಲ್ಲ. ಡೊಳ್ಳು ನಿಂತು, ಹಾಡಿಕೆಯವರು ಒಬ್ಬರೇ ದನಿ ಎಳೆಯುವಾಗ ಮಾತ್ರ ಫ್ಯಾನಿನ ಗುಂಯ್ ಎಂಬ ಸದ್ದು ಹಿಂದೆ ಕೇಳಿಸುತ್ತದೆ. ಆಮೇಲೆ ಅದನ್ನು ಸಾಫ್ಟ್‌ವೇರಿನಿಂದ ಒರೆಸಲು ಹೋದರೆ ದನಿಯ ತಿರುಳೂ ಸ್ವಲ್ಪ ಒರೆಸಿಹೋಗುತ್ತದೆ.

ಈ ಸದ್ದು ತಗ್ಗಿಸಲು ನೀರನ್ನೇ ಆಯ್ದುಕೊಳ್ಳುವುದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.18 ಜೂಲ್ ಶಕ್ತಿ ಬೇಕು, ಒಂದು ಗ್ರಾಂ ಗಾಳಿಗೆ ಸುಮಾರು 1 ಜೂಲ್ ಸಾಕು. ಗಾಳಿ ತೀರ ಹಗುರವಾದ್ದರಿಂದ ಗಾತ್ರದ ಲೆಕ್ಕಕ್ಕೆ ಬಂದಾಗ ಅಂತರ ಬೆಟ್ಟದಷ್ಟಾಗುತ್ತದೆ: ಒಂದು ಲೀಟರ್ ನೀರು ಹೊರುವ ಬಿಸಿಯನ್ನು ಹೊರಲು ಸುಮಾರು 3500 ಲೀಟರ್ ಗಾಳಿ ಬೇಕು. ಹಾಗಾಗಿ ಬೆರಳು ದಪ್ಪದ ಕೊಳವೆಯೊಂದು ಚಿಪ್ಪಿನ ಬಿಸಿಯನ್ನು ಇಕ್ಕಟ್ಟಿನ ಜಾಗದಿಂದ ಎತ್ತಿ, ದೊಡ್ಡ ರೇಡಿಯೇಟರಿಗೆ ಜಾಗವಿರುವ ಕಡೆ ಒಯ್ದು ಬಿಡಬಲ್ಲದು. ನೀರು ಮಾಡುವ ಕೆಲಸ ಈ ಸಾಗಾಣಿಕೆ ಮಾತ್ರ. ಕೊನೆಗೆ ಬಿಸಿಯನ್ನು ತೆಗೆದುಕೊಳ್ಳುವುದು ಕೋಣೆಯ ಗಾಳಿಯೇ. ಲೂಪಿನ ನೀರು ಎಂದಿಗೂ ಕೋಣೆಯ ಗಾಳಿಗಿಂತ ತಣ್ಣಗಾಗದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಯೋಜನೆ ಆದಂತೆ, ಮರೆತರೆ ಎಷ್ಟು ದುಡ್ಡು ಸುರಿದರೂ ಮೇ ತಿಂಗಳಲ್ಲಿ ಫ್ಯಾನು ಕಿರುಚುತ್ತದೆ.

ಕಂಪ್ಯೂಟರಿಗೆ ನೀರು ಹಾಯಿಸುವ ವಿದ್ಯೆ ಹೊಸದೇನೂ ಅಲ್ಲ. 1960ರ ದಶಕದ ಐಬಿಎಂ ಸಿಸ್ಟಂ/360ರ ಮಾಡೆಲ್ 91 ನೀರಿನಿಂದ ತಂಪಾಗುತ್ತಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ಸರ್ಕ್ಯೂಟುಗಳನ್ನೇ ವಿದ್ಯುತ್ ಹಾಯಿಸದ ಫ್ಲೂರಿನರ್ಟ್ ದ್ರವದಲ್ಲಿ ಮುಳುಗಿಸಿದ್ದರು. ಮನೆಯ ಕಂಪ್ಯೂಟರಿಗೆ ಇದನ್ನು ತಂದವರು 1990ರ ದಶಕದ ಕೊನೆಯ ಹವ್ಯಾಸಿಗಳು; ಅಂಗಡಿಯಲ್ಲಿ ಸಾಮಾನು ಸಿಗದ ಕಾಲದಲ್ಲಿ ಕಾರಿನ ಹೀಟರಿನ ರೇಡಿಯೇಟರನ್ನೂ ಅಕ್ವೇರಿಯಂ ಪಂಪನ್ನೂ ಕೂಡಿಸಿ ಕೆಲಸ ನಡೆಸಿದರು. 2004ರಲ್ಲಿ ಆಪಲ್ ಕಂಪನಿ ತನ್ನ ಪವರ್ ಮ್ಯಾಕ್ ಜಿ5ರ ಅತಿ ವೇಗದ ಮಾದರಿಯನ್ನು ದ್ರವ ತಂಪಿನೊಂದಿಗೇ ಮಾರಿತು. ಅವುಗಳಲ್ಲಿ ಕೆಲವು ವರ್ಷಗಳಾದ ಮೇಲೆ ಸೋರಿದವು. ಸದ್ದಿಲ್ಲದ ಯಂತ್ರದ ಕನಸು ಕಂಡವರಿಗಾಗಿ ಅದೇ ಸುಮಾರಿಗೆ ಕೊರಿಯಾದ ಝಾಲ್ಮನ್ ಕಂಪನಿ ರೆಸರೇಟರ್ ಎಂಬ, ಫ್ಯಾನೇ ಇಲ್ಲದ ಅಲ್ಯೂಮಿನಿಯಂ ಗೋಪುರವನ್ನು ಹೊರತಂದಿತು. ಕಂಪ್ಯೂಟರಿನ ಪಕ್ಕ ನೆಲದ ಮೇಲೆ ನಿಲ್ಲುತ್ತಿದ್ದ ಅದರ ಹೊಟ್ಟೆಯಲ್ಲೇ ನೀರೂ ಪಂಪೂ ಇದ್ದವು.

ಕರ್ನಾಟಕದಲ್ಲಿ ಈ ವಿದ್ಯೆಯ ದೊಡ್ಡ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸಿ-ಡ್ಯಾಕ್ ಕಟ್ಟಿಕೊಟ್ಟ ಪರಮ್ ಪ್ರವೇಗ 2022ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಅದರ ಲೆಕ್ಕಾಚಾರದ ರ‍್ಯಾಕುಗಳಲ್ಲಿ ದ್ರವ ನೇರವಾಗಿ ಚಿಪ್ಪಿನ ಮೇಲೆ ಕೂತ ತಟ್ಟೆಗಳವರೆಗೂ ಹರಿದು ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಮನೆಯ ಕಸ್ಟಮ್ ಲೂಪಿನಲ್ಲಿರುವ ತತ್ತ್ವವೂ ಇದೇ, ಅಳತೆಯೊಂದೇ ಬೇರೆ.

ಇನ್ನು ಲೆಕ್ಕಕ್ಕೆ ಬರೋಣ. ಎನ್‌ವಿಡಿಯಾದ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡು 2025ರ ಜನವರಿಯಲ್ಲಿ ಬಂದಾಗ ಅದರ ವಿದ್ಯುತ್ ಬಳಕೆ 575 ವ್ಯಾಟ್ ಎಂದು ಕಂಪನಿಯೇ ಹೇಳಿತು. ಅದಕ್ಕಿಂತ ಹಿಂದಿನ 4090 ಬಳಸುತ್ತಿದ್ದುದು 450 ವ್ಯಾಟ್. 5090ರ ಜೊತೆ ಎಎಂಡಿಯ ರೈಜನ್ 9 9950ಎಕ್ಸ್‌ನಂಥ ಪ್ರೊಸೆಸರ್ ಇದ್ದರೆ ಅದು ಭಾರದ ಕೆಲಸದಲ್ಲಿ 200 ವ್ಯಾಟ್ ಆಸುಪಾಸು ಎಳೆಯುತ್ತದೆ. ಪಂಪಿನ ಬಿಸಿಯೂ ನೀರಿಗೇ ಸೇರುತ್ತದೆ. ಒಟ್ಟು 800 ವ್ಯಾಟ್ ಎಂದು ಹಿಡಿಯೋಣ. ಹವ್ಯಾಸಿಗಳ ವಲಯದಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಅಂದಾಜು ಇದೆ: ಫ್ಯಾನುಗಳು ಮೆಲ್ಲಗೆ ತಿರುಗುತ್ತ, ನೀರು ಕೋಣೆಗಿಂತ ಹತ್ತು ಡಿಗ್ರಿಯಷ್ಟೇ ಬಿಸಿ ಇರಬೇಕೆಂದರೆ, ಪ್ರತಿ 100 ವ್ಯಾಟಿಗೆ 120 ಮಿಲಿಮೀಟರಿನ ಒಂದು ಫ್ಯಾನು ಕೂರುವಷ್ಟು ರೇಡಿಯೇಟರ್ ಬೇಕು. ಅಂದರೆ ಎಂಟು ಫ್ಯಾನಿನ ಜಾಗ. 140 ಮಿಲಿಮೀಟರಿನ ಫ್ಯಾನಾದರೆ ಆರು ಸಾಕು, ಎರಡರ ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ. ಹೀಗಾಗಿ 420 ಮಿಲಿಮೀಟರಿನ ಎರಡು ರೇಡಿಯೇಟರ್ ಹಿಡಿಸುವ ಕ್ಯಾಬಿನೆಟ್ ಹುಡುಕುವುದೇ ಯೋಜನೆಯ ಮೊದಲ ಹೆಜ್ಜೆ. ಬಣ್ಣ, ಗಾಜು, ದೀಪ ಎಲ್ಲ ಆಮೇಲೆ.

ಇಷ್ಟೊಂದು ರೇಡಿಯೇಟರ್ ಏಕೆ ಎಂಬುದಕ್ಕೆ ಉತ್ತರ ಸದ್ದಿನ ಲೆಕ್ಕದಲ್ಲಿದೆ, ಮತ್ತು ಈ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಲೆಕ್ಕ ಬೇರೊಂದಿಲ್ಲ. ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಅದು ತಳ್ಳುವ ಗಾಳಿಯೂ ಅರ್ಧಕ್ಕಿಳಿಯುತ್ತದೆ. ಆದರೆ ಸದ್ದು ವೇಗದ ಐದನೆಯ ಘಾತಕ್ಕೆ ಅನುಗುಣವಾಗಿ ಇಳಿಯುವುದರಿಂದ ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. ಕಳೆದುಹೋದ ಗಾಳಿಯನ್ನು ತುಂಬಿಕೊಳ್ಳಲು ಫ್ಯಾನುಗಳ ಸಂಖ್ಯೆಯನ್ನು ಎರಡರಷ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ನಿವ್ವಳ ಲಾಭ 12 ಡೆಸಿಬೆಲ್. 10 ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ಮನುಷ್ಯನ ಕಿವಿಗೆ ಅನ್ನಿಸುತ್ತದೆ ಎಂಬುದು ಧ್ವನಿವಿಜ್ಞಾನದ ಸಾಮಾನ್ಯ ಅಳತೆ. ಅಷ್ಟೇ ಗಾಳಿ, ಅಷ್ಟೇ ತಂಪು, ಅರ್ಧಕ್ಕಿಂತ ಕಡಿಮೆ ಸದ್ದು. ದುಬಾರಿ ಫ್ಯಾನು ಕೊಂಡು ಮೂರೇ ಹಾಕುವುದಕ್ಕಿಂತ ಸಾಧಾರಣ ಒಳ್ಳೆಯ ಫ್ಯಾನು ಆರು ಹಾಕಿ ನಿಮಿಷಕ್ಕೆ 600ರಿಂದ 800 ಸುತ್ತಿನಲ್ಲಿ ಓಡಿಸುವುದು ಜಾಣತನ.

ಮೆಲ್ಲಗೆ ತಿರುಗುವ ಫ್ಯಾನಿಗೆ ಒತ್ತಡ ಕಡಿಮೆ. ವೇಗ ಅರ್ಧವಾದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ರೇಡಿಯೇಟರಿನ ತಗಡಿನ ಪದರಗಳು ಒತ್ತೊತ್ತಾಗಿರಬಾರದು. ಒಂದು ಇಂಚಿನಲ್ಲಿ 30 ಪದರ ಇರುವ ರೇಡಿಯೇಟರು ವೇಗದ ಫ್ಯಾನಿಗೆ ಸರಿ. ಸದ್ದಿಲ್ಲದ ಯಂತ್ರಕ್ಕೆ 10ರಿಂದ 16 ಪದರದ್ದೇ ಮೇಲು. ಬಬಲೇಶ್ವರದ ಎರೆಹೊಲದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಬಲವಾದ ಕಾರಣವೂ ಇದೆ. ಬೇಸಿಗೆಯ ಗಾಳಿಗೆ ಏಳುವ ಸಣ್ಣ ದೂಳು ಒತ್ತಾದ ಪದರಗಳ ನಡುವೆ ಕೂತರೆ ಬ್ರಷ್ಷಿಗೂ ಬರುವುದಿಲ್ಲ, ಬ್ಲೋವರಿಗೂ ಬರುವುದಿಲ್ಲ. ವಿರಳ ಪದರದ ರೇಡಿಯೇಟರನ್ನು ತಿಂಗಳಿಗೊಮ್ಮೆ ಊದಿ ಸ್ವಚ್ಛ ಮಾಡಬಹುದು. ಗಾಳಿ ಒಳಬರುವ ಪ್ರತಿ ಬಾಯಿಗೂ ತೆಗೆದು ತೊಳೆಯಬಲ್ಲ ಜಾಲರಿ ಬೇಕು. ಒಳಗೆ ಬರುವ ಗಾಳಿ ಹೊರಹೋಗುವ ಗಾಳಿಗಿಂತ ತುಸು ಹೆಚ್ಚಿರುವಂತೆ ಫ್ಯಾನುಗಳನ್ನು ಹೊಂದಿಸಿದರೆ ಸಂದುಗೊಂದುಗಳಿಂದ ದೂಳು ನುಸುಳುವುದು ಕಡಿಮೆಯಾಗುತ್ತದೆ.

ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಎತ್ತರ ಹಾಗೂ ಬಿಸಿ ಎರಡೂ ಕೂಡಿ ಗಾಳಿಯನ್ನು ತೆಳುಮಾಡುತ್ತವೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಗಾಳಿಗೆ ಹೋಲಿಸಿದರೆ ಇಲ್ಲಿ 40 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು 13 ಪ್ರತಿಶತ ಕಡಿಮೆ. ಅಷ್ಟೇ ವೇಗದಲ್ಲಿ ತಿರುಗಿದರೂ ಫ್ಯಾನು ಅಷ್ಟು ಕಡಿಮೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಯುರೋಪಿನ ತಂಪು ಕೋಣೆಯಲ್ಲಿ ಅಳೆದು ಪ್ರಕಟಿಸಿದ ಅಂಕಿಗಳನ್ನು ಹಾಗೆಯೇ ನಂಬಿ ರೇಡಿಯೇಟರ್ ಕೊಂಡವರಿಗೆ ಇಲ್ಲಿ ಲೆಕ್ಕ ತಪ್ಪುವುದು ಇದೇ ಕಾರಣಕ್ಕೆ. ಅಂದಾಜಿಗಿಂತ ಒಂದು ರೇಡಿಯೇಟರ್ ಹೆಚ್ಚಿಗೆ ಹಾಕುವುದು ಇಲ್ಲಿ ದುಂದಲ್ಲ.

ಕೋಣೆಯ ಆಯ್ಕೆಯೂ ಯೋಜನೆಯ ಭಾಗ. ಆರ್‌ಸಿಸಿ ತಾರಸಿಯ ಕೆಳಗಿನ ಮೇಲ್ಮಹಡಿ ಕೋಣೆ ಮೇ ತಿಂಗಳ ಸಂಜೆಯಲ್ಲೂ ಕಾದೇ ಇರುತ್ತದೆ. ದಪ್ಪ ಕಲ್ಲುಗೋಡೆಯ, ಮಣ್ಣಿನ ಮೇಲ್ಮುದ್ದೆಯ ಹಳೆಯ ಮಾಳಿಗೆ ಮನೆಯ ಒಳಕೋಣೆ ಅದೇ ಹೊತ್ತಿನಲ್ಲಿ ಎಷ್ಟೋ ತಂಪು. ಕೋಣೆ 36 ಡಿಗ್ರಿ ಇದ್ದರೆ ಲೂಪಿನ ನೀರು 46ಕ್ಕೆ ನಿಲ್ಲುತ್ತದೆ. 30 ಇದ್ದರೆ 40ಕ್ಕೆ. ನೀರು 46 ಡಿಗ್ರಿಯಾದರೂ ಚಿಪ್ಪಿಗೆ ಅಪಾಯವಿಲ್ಲ. ಈಗಿನ ಪ್ರೊಸೆಸರುಗಳು 95 ಡಿಗ್ರಿಯವರೆಗೂ ತಾಳುವಂತೆ ತಯಾರಾಗಿರುತ್ತವೆ. ನೀರು ಇನ್ನೂ ಕಾದರೆ ಮೊದಲು ತೊಂದರೆಯಾಗುವುದು ಕೊಳವೆಗೆ, ಪಂಪಿಗೆ. ಬಹುತೇಕ ಪಂಪುಗಳ ಮಿತಿ 60 ಡಿಗ್ರಿ. ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಗಟ್ಟಿ ಕೊಳವೆ ಅದೇ ಸುಮಾರಿಗೆ ಮೆತ್ತಗಾಗತೊಡಗಿ ಫಿಟಿಂಗಿನ ಹಿಡಿತದಿಂದ ಜಾರುವ ಭಯವಿದೆ. ಅಕ್ರಿಲಿಕ್ ಕೊಳವೆ ಇನ್ನೂ ಹೆಚ್ಚಿನ ಬಿಸಿ ತಾಳುತ್ತದೆ, ಆದ್ದರಿಂದ ಬಿಸಿಲ ಸೀಮೆಗೆ ಅದೇ ವಾಸಿ.

ಒಂದು ಮಾತನ್ನು ಒತ್ತಿ ಹೇಳಬೇಕು: ವಾಟರ್ ಕೂಲಿಂಗ್ ಹಾಕಿದ ಮಾತ್ರಕ್ಕೆ ಕೋಣೆ ತಂಪಾಗುವುದಿಲ್ಲ. 800 ವ್ಯಾಟ್ ಬಳಸುವ ಯಂತ್ರ ಅಷ್ಟೂ ಬಿಸಿಯನ್ನು ಕೋಣೆಗೇ ಬಿಡುತ್ತದೆ. ಹನ್ನೆರಡು ಅಡಿಗೆ ಹತ್ತಡಿಯ ಮುಚ್ಚಿದ ಕೋಣೆಯಲ್ಲಿ ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ನಿಮಿಷದೊಳಗೆ ಒಂದು ಡಿಗ್ರಿ ಏರುವಷ್ಟು ಬಿಸಿ ಅದು. ಗೋಡೆ, ನೆಲ ಹೀರಿಕೊಳ್ಳುವುದರಿಂದ ನಿಧಾನವಾಗುತ್ತದೆ ಅಷ್ಟೇ. ಕಿಟಕಿ ತೆರೆಯುವ ದಾರಿಯೋ ಬಿಸಿಗಾಳಿ ಹೊರದೂಡುವ ಫ್ಯಾನೋ ಇಲ್ಲದಿದ್ದರೆ ಎಂಥ ಲೂಪೂ ಸೋಲುತ್ತದೆ. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ಸಾಫ್ಟ್‌ವೇರಿನಲ್ಲಿ 575ರಿಂದ 450ಕ್ಕೆ ಇಳಿಸುವುದು ಬೇಸಿಗೆಯ ಒಳ್ಳೆಯ ಉಪಾಯ. ಬಿಸಿ ಇಳಿದಷ್ಟೇ ಪ್ರಮಾಣದಲ್ಲಿ ಕೆಲಸದ ವೇಗ ಇಳಿಯುವುದಿಲ್ಲ.

ಮನೆಮನೆಯಲ್ಲಿರುವ ಏರ್ ಕೂಲರ್ ಇಲ್ಲಿ ನಿಜಕ್ಕೂ ನೆರವಾಗುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವ 20 ಪ್ರತಿಶತ ಇದ್ದರೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು 22 ಡಿಗ್ರಿ ತೋರಿಸುತ್ತದೆ. ಕೂಲರ್ ಅಲ್ಲಿಯವರೆಗೆ ಹೋಗದಿದ್ದರೂ ಗಾಳಿಯನ್ನು 26-27ರ ಸುಮಾರಿಗೆ ಇಳಿಸಬಲ್ಲದು. ಇದರಿಂದ ತೇವ ಏರಿ ಕಂಪ್ಯೂಟರಿನ ಮೇಲೆ ನೀರು ಹನಿಗಟ್ಟೀತೇ ಎಂಬ ಅಂಜಿಕೆ ಬೇಡ. ಲೂಪಿನ ಯಾವ ಭಾಗವೂ ಕೋಣೆಯ ಗಾಳಿಗಿಂತ ತಣ್ಣಗಿರದ ಕಾರಣ ಹನಿಗಟ್ಟುವ ಪ್ರಶ್ನೆಯೇ ಏಳುವುದಿಲ್ಲ. ಕೂಲರಿನ ತೊಡಕು ಅದರ ಸ್ವಂತ ಸದ್ದು. ರೆಕಾರ್ಡಿಂಗಿಗೆ ಮುನ್ನ ಕೋಣೆ ತಂಪು ಮಾಡಿ, ಹಾಡುವಾಗ ನಿಲ್ಲಿಸಬೇಕಾಗುತ್ತದೆ. ಅಷ್ಟು ಹೊತ್ತು ಲೂಪಿನ ನೀರು ನೆರವಿಗೆ ಬರುತ್ತದೆ. ಒಂದೂವರೆ ಲೀಟರ್ ನೀರು, ಮೇಲೆ ತಾಮ್ರದ ರೇಡಿಯೇಟರಿನ ಭಾರ, ಇವು ಬಿಸಿಯಾಗಿ ಒಂದು ಸ್ಥಿತಿಗೆ ಬಂದು ನಿಲ್ಲಲು ಇಪ್ಪತ್ತು ಮೂವತ್ತು ನಿಮಿಷವೇ ಹಿಡಿಯುವುದುಂಟು.

ಈ ನಿಧಾನಗುಣವನ್ನು ಸರಿಯಾಗಿ ಬಳಸಿಕೊಳ್ಳಬೇಕೆಂದರೆ ಫ್ಯಾನಿನ ವೇಗವನ್ನು ಚಿಪ್ಪಿನ ಉಷ್ಣಾಂಶಕ್ಕೆ ಕಟ್ಟಬಾರದು. ಚಿಪ್ಪಿನ ಬಿಸಿ ಕ್ಷಣಕ್ಷಣಕ್ಕೆ ಏರಿಳಿಯುತ್ತದೆ, ಅದರ ಹಿಂದೆ ಫ್ಯಾನೂ ಏರಿಳಿದರೆ ಆ ಏರಿಳಿತವೇ ಕಿವಿಗೆ ಹಿಂಸೆ. ಒಂದೇ ಸಮನಾದ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಬದಲಾಗುವ ಸದ್ದನ್ನು ಮರೆಯುವುದಿಲ್ಲ. ಲೂಪಿನಲ್ಲಿ ನೀರಿನ ಉಷ್ಣಾಂಶ ಅಳೆಯುವ ಸಣ್ಣ ಸೆನ್ಸರ್ ಹಾಕಿ, ಫ್ಯಾನನ್ನು ಅದಕ್ಕೆ ಹೊಂದಿಸಬೇಕು. ವಿಜಯಪುರದಂಥ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋಣೆಯ ಉಷ್ಣಾಂಶಕ್ಕೂ ಒಂದು ಸೆನ್ಸರ್ ಇಟ್ಟು, ಎರಡರ ಅಂತರದ ಮೇಲೆ ಫ್ಯಾನ್ ನಡೆಸುವುದು ಉತ್ತಮ. ಇಲ್ಲದಿದ್ದರೆ ಡಿಸೆಂಬರಿನಲ್ಲಿ ಮೌನವಾಗಿದ್ದ ಯಂತ್ರ ಮೇ ತಿಂಗಳಲ್ಲಿ ಕೆಲಸವೇ ಇಲ್ಲದಾಗಲೂ ಜೋರಾಗಿ ಊದುತ್ತ ಕೂರುತ್ತದೆ.

ಪಂಪಿನ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಡಿ5 ಮತ್ತು ಡಿಡಿಸಿ ಎಂಬ ಎರಡು ಕುಲಗಳು ಬಹುಕಾಲದಿಂದ ಈ ಕ್ಷೇತ್ರವನ್ನು ಆಳುತ್ತಿವೆ, ಎರಡೂ ಜರ್ಮನಿಯ ಲೈಂಗ್ ಮನೆತನದ ವಿನ್ಯಾಸಗಳು. ಸದ್ದಿಲ್ಲದ ಯಂತ್ರಕ್ಕೆ ಡಿ5 ಒಳ್ಳೆಯದು. ಅದರ ರೋಟರು ಅರೆಗೋಳದಂತಿದ್ದು ಒಂದೇ ಸೆರಾಮಿಕ್ ಗುಂಡಿನ ಮೇಲೆ ತಿರುಗುತ್ತದೆ. ಅದಕ್ಕೆ ಎಣ್ಣೆಯಿಲ್ಲ, ಹರಿಯುವ ನೀರೇ ಜಾರುಕ. ಆದ್ದರಿಂದಲೇ ನೀರಿಲ್ಲದೆ ಓಡಿಸಿದರೆ ಅದು ಬೇಗ ಹಾಳಾಗಬಹುದು, ಲೂಪಿಗೆ ನೀರು ತುಂಬುವ ಡಬ್ಬಿ ಯಾವಾಗಲೂ ಪಂಪಿಗಿಂತ ಮೇಲೆ ಇರಬೇಕೆಂಬ ನಿಯಮ ಬಂದಿರುವುದೂ ಹೀಗೆಯೇ. ಪೂರ್ಣ ವೇಗ ಬೇಡವೇ ಬೇಡ. ನಿಮಿಷಕ್ಕೆ 4 ಲೀಟರ್ ಹರಿವಿನಲ್ಲಿ 800 ವ್ಯಾಟಿನ ಬಿಸಿ ಹೊತ್ತ ನೀರು ಲೂಪಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಏರುವುದು 3 ಡಿಗ್ರಿಗಿಂತ ಕಡಿಮೆ. ಹರಿವು ಅರ್ಧಕ್ಕಿಳಿದರೂ 6 ಡಿಗ್ರಿ ದಾಟುವುದಿಲ್ಲ. ಯಾವ ಬ್ಲಾಕ್ ಮೊದಲು, ಯಾವ ರೇಡಿಯೇಟರ್ ನಂತರ ಎಂಬ ವಾದಗಳಿಗೆ ಹುರುಳಿಲ್ಲದಿರುವುದು ಇದೇ ಕಾರಣಕ್ಕೆ. ಕೊಳವೆ ಯಾವ ದಾರಿಯಲ್ಲಿ ಚೆಂದ ಕಾಣುತ್ತದೆಯೋ ಆ ಕ್ರಮ ಹಿಡಿಯಬಹುದು. ಪಂಪನ್ನು ನೇರವಾಗಿ ತಗಡಿಗೆ ಬಿಗಿದರೆ ಕ್ಯಾಬಿನೆಟ್ಟೇ ಅದರ ನಡುಕವನ್ನು ದೊಡ್ಡದು ಮಾಡುತ್ತದೆ. ನಡುವೆ ರಬ್ಬರೋ ಸ್ಪಂಜೋ ಇಟ್ಟರೆ ಅರ್ಧ ಸದ್ದು ಅಲ್ಲೇ ಅಡಗುತ್ತದೆ.

ನೀರನ್ನು ಕೊಳವೆಯಲ್ಲಿ ನಡೆಸುವ ಕಷ್ಟಸುಖ ವಿಜಯಪುರಕ್ಕೆ ಹಳೆಯ ಪರಿಚಯ. ಆದಿಲ್‌ಶಾಹಿಗಳ ಕಾಲದಲ್ಲಿ ಪಶ್ಚಿಮದ ತೊರವಿಯಿಂದಲೂ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ದಕ್ಷಿಣದ ಬೇಗಂ ತಲಾಬಿನಿಂದಲೂ ನೆಲದಡಿಯ ಸುರಂಗ, ಮಣ್ಣಿನ ಕೊಳವೆಗಳ ಮೂಲಕ ನೀರು ಊರಿಗೆ ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂಬ ಕಲ್ಲಿನ ನೀರುಗೋಪುರಗಳನ್ನು ಕಟ್ಟಿದ್ದರು. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಕೊಳವೆ ಒಡೆಯದಂತೆ ಅವು ತಡೆಯುತ್ತಿದ್ದವು, ಹೂಳೂ ಅಲ್ಲೇ ತಳಕ್ಕೆ ಕೂರುತ್ತಿತ್ತು. ಊರಿನ ಪೂರ್ವಕ್ಕಿರುವ ಕುಮಟಗಿಯ ಬೇಸಿಗೆ ಮಹಲುಗಳಲ್ಲಿ ಕಾರಂಜಿಯ ನೀರು ಗಾಳಿಯನ್ನು ತಂಪು ಮಾಡುತ್ತಿತ್ತು. ಇವೆಲ್ಲ ತೆರೆದ ವ್ಯವಸ್ಥೆಗಳು, ನೀರು ಎತ್ತರದಿಂದ ತಗ್ಗಿಗೆ ಹರಿದು ಖರ್ಚಾಗುತ್ತಿತ್ತು. ಕಂಪ್ಯೂಟರಿನ ಲೂಪು ಮುಚ್ಚಿದ್ದು. ಮೇಲೇರುವ ನೀರಿನ ಭಾರವನ್ನು ಕೆಳಗಿಳಿಯುವ ನೀರಿನ ಭಾರ ಸರಿದೂಗಿಸುವುದರಿಂದ ಒಮ್ಮೆ ತುಂಬಿದ ಮೇಲೆ ಎತ್ತರ ಲೆಕ್ಕಕ್ಕೇ ಬರುವುದಿಲ್ಲ. ಪಂಪಿನ ಎದುರಾಳಿ ಕೊಳವೆಯ, ಬ್ಲಾಕಿನ ಘರ್ಷಣೆಯೊಂದೇ.

ಈ ಗುಣವನ್ನು ಬಳಸಿಕೊಂಡೇ ಅತಿ ಮೌನದ ವ್ಯವಸ್ಥೆಯೊಂದನ್ನು ಕಟ್ಟಬಹುದು. ಜರ್ಮನಿಯ ವಾಟರ್‌ಕೂಲ್ ಕಂಪನಿಯ ಮೋ-ರಾ ಎಂಬ ದೊಡ್ಡ ರೇಡಿಯೇಟರಿನ ಒಂದು ಮಾದರಿಯಲ್ಲಿ 140 ಮಿಲಿಮೀಟರಿನ ಒಂಬತ್ತು ಫ್ಯಾನು ಕೂರುತ್ತವೆ. ಮೇಲೆ ಹೇಳಿದ ಎರಡು 420ರ ಒಂದೂವರೆ ಪಟ್ಟು ಜಾಗ ಅದು. ಕ್ಯಾಬಿನೆಟ್ಟಿನೊಳಗೆ ಅದು ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಗೋಡೆಯಲ್ಲಿ ಎರಡು ತೂತು ಕೊರೆದು ಕೊಳವೆ ದಾಟಿಸಿ, ರೇಡಿಯೇಟರನ್ನು ಪಕ್ಕದ ಕೋಣೆಯಲ್ಲೋ ನೆರಳಿರುವ ಪಡಸಾಲೆಯಲ್ಲೋ ನಿಲ್ಲಿಸಿದರೆ ಬಿಸಿಯೂ ಸದ್ದೂ ಒಟ್ಟಿಗೆ ಹೊರಗೆ ಹೋಗುತ್ತವೆ. ಸೋರದೆ ಬಿಚ್ಚಿ ಹಾಕಬಹುದಾದ ಕ್ವಿಕ್ ಡಿಸ್ಕನೆಕ್ಟ್ ಫಿಟಿಂಗುಗಳಿದ್ದರೆ ಯಂತ್ರವನ್ನು ಬೇಕೆಂದಾಗ ಬೇರ್ಪಡಿಸಬಹುದು. ಅರಕೇರಿಯಂಥ ಊರಿನಲ್ಲಿ ಹಾಡಿಕೆ ರೆಕಾರ್ಡ್ ಮಾಡುವ ಕೋಣೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಳಗೆ ಉಳಿಯುವ ಸಣ್ಣ ಸದ್ದಿಗಾಗಿ ಗೋಡೆಯನ್ನೂ ನೋಡಿಕೊಳ್ಳಬೇಕು. ಗೋಳಗುಮ್ಮಟದೊಳಗೆ ಪಿಸುಮಾತೂ ಮರುಕಳಿಸುವುದನ್ನು ಕೇಳಿದವರಿಗೆ ಗೊತ್ತಿರುವಂತೆ ಬರಿಯ ಗಾರೆಗೋಡೆ ಸದ್ದನ್ನು ಹೀರುವುದಿಲ್ಲ. ಟೈಲ್ಸ್ ನೆಲದ, ಬೋಳುಗೋಡೆಯ ಕೋಣೆಯಲ್ಲಿ ಸಣ್ಣ ಫ್ಯಾನೂ ದೊಡ್ಡದಾಗಿ ಕೇಳುತ್ತದೆ. ಗೋಡೆಗೆ ಒಂದೆರಡು ಕೌದಿ ತೂಗುಹಾಕಿದರೂ ವ್ಯತ್ಯಾಸ ತಿಳಿಯುತ್ತದೆ.

ನೀರು ಯಾವುದು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರ ಕಣ್ಣೆದುರೇ ಇದೆ. ಒಂದು ಬೇಸಿಗೆ ಬೋರಿನ ನೀರು ಕುಡಿದ ಏರ್ ಕೂಲರಿನ ಹುಲ್ಲಿನ ಪ್ಯಾಡು ಬಿಚ್ಚಿ ನೋಡಬೇಕು. ಬೆಳ್ಳಗೆ ಗಟ್ಟಿಯಾಗಿ ಕಟ್ಟಿದ ಸುಣ್ಣದ ಪೊರೆ ಉಗುರಿಗೂ ಬಗ್ಗುವುದಿಲ್ಲ. ವಾಟರ್ ಬ್ಲಾಕಿನೊಳಗೆ ತಾಮ್ರದಲ್ಲಿ ಕೊರೆದ ಕಾಲುವೆಗಳು ಕೂದಲೆಳೆಯ ಲೆಕ್ಕದವು. ಅಂಥ ಕಡೆ ಆ ಪೊರೆ ಕಟ್ಟಿದರೆ ಬ್ಲಾಕ್ ಮುಗಿದಂತೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ, ಅದೂ ಸಲ್ಲದು. ಡಿಸ್ಟಿಲ್ಡ್ ಅಥವಾ ಖನಿಜ ತೆಗೆದ ನೀರೇ ಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಮೊಹರಾದ ಕ್ಯಾನಿನ ಒಳ್ಳೆಯ ನೀರು ರೇಡಿಯೇಟರ್ ತೊಳೆಯಲು ಸಾಕು. ಲೂಪಿಗೆ ಮಾತ್ರ ಅಂಥ ನೀರಿನಲ್ಲಿ ತುಕ್ಕು ತಡೆಯುವ, ಪಾಚಿ ಬೆಳೆಯಗೊಡದ ರಾಸಾಯನಿಕ ಬೆರೆತ ಕೂಲಂಟೇ ಸರಿ.

ಲೋಹಗಳ ಬೆರಕೆಯೂ ನೋಡಿಕೊಳ್ಳಬೇಕಾದದ್ದು. ತಾಮ್ರ, ಹಿತ್ತಾಳೆ, ನಿಕಲ್ ಲೇಪ ಇವು ಒಂದಕ್ಕೊಂದು ಹೊಂದಿಕೊಂಡು ಬಾಳುತ್ತವೆ. ಇವುಗಳ ನಡುವೆ ಒಂದು ಅಲ್ಯೂಮಿನಿಯಂ ರೇಡಿಯೇಟರ್ ಸೇರಿದರೆ ನೀರಿನ ಮೂಲಕ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಕರಗತೊಡಗುತ್ತದೆ. ಅಗ್ಗದ ರೇಡಿಯೇಟರುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಮ್ಮಿನವು. ಆನ್‌ಲೈನಿನಲ್ಲಿ ತರಿಸುವಾಗಲಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗಲಾಗಲಿ ತಯಾರಕರ ವಿವರಪಟ್ಟಿಯಲ್ಲಿ ಲೋಹದ ಹೆಸರು ಓದಿಯೇ ಹಣ ಕೊಡಬೇಕು.

ಹೊಸ ರೇಡಿಯೇಟರನ್ನು ತೊಳೆಯದೆ ಹಾಕುವವರಿದ್ದಾರೆ. ಅದು ಸರಿಯಲ್ಲ. ಬಿಸಿ ಡಿಸ್ಟಿಲ್ಡ್ ನೀರು ಅರ್ಧ ತುಂಬಿ, ಎರಡೂ ಬಾಯಿ ಮುಚ್ಚಿ, ಚೆನ್ನಾಗಿ ಕುಲುಕಿ ಬಿಳಿಯ ಬೇಸಿನ್ನಿಗೆ ಸುರಿದರೆ ಮೊದಲ ಸಲ ಬರುವ ನೀರು ಮಬ್ಬಾಗಿರುತ್ತದೆ, ಕೆಲವೊಮ್ಮೆ ಹಸಿರು ಛಾಯೆಯದು. ತಳದಲ್ಲಿ ಬೆಸುಗೆಯ ಸಣ್ಣ ಚೂರುಗಳು ಮಿನುಗುತ್ತವೆ. ಮಬ್ಬಿಗೆ ಕಾರಣ ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಇಲ್ಲದಿದ್ದರೆ ಆ ಚೂರುಗಳೆಲ್ಲ ಬ್ಲಾಕಿನ ಕಾಲುವೆಗಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ.

ಚೆಂದದ ವಿಷಯಕ್ಕೆ ಬಂದರೆ ಅಭಿರುಚಿಗಳು ಹಲವು. ಆದರೂ ಕಣ್ಣಿಗೆ ಒಪ್ಪುವ ಲೂಪುಗಳಲ್ಲಿ ಒಂದು ಸಮಾನ ಗುಣ ಕಾಣುತ್ತದೆ: ಕೊಳವೆಗಳು ಕಡಿಮೆ, ಗೆರೆಗಳು ನೇರ, ತಿರುವುಗಳು ಒಂದೇ ಕೋನದವು, ಅಕ್ಕಪಕ್ಕದ ಕೊಳವೆಗಳು ಸಮಾಂತರ. ಅಕ್ರಿಲಿಕ್ ಹಲಗೆಯಲ್ಲಿ ಯಂತ್ರದಿಂದ ಕಾಲುವೆ ಕೊರೆದ ಡಿಸ್ಟ್ರಿಬ್ಯೂಷನ್ ಪ್ಲೇಟ್ ಇದಕ್ಕೆ ಬಹಳ ನೆರವು; ಅಡ್ಡಾದಿಡ್ಡಿ ಹೋಗಬೇಕಾದ ಹರಿವೆಲ್ಲ ಅದರೊಳಗೇ ನಡೆದು ಹೊರಗೆ ನಾಲ್ಕೈದು ನೇರ ಕೊಳವೆ ಮಾತ್ರ ಉಳಿಯುತ್ತವೆ. ಹಾಲಿನಂತೆ ದಟ್ಟ ಬಣ್ಣದ ಕೂಲಂಟುಗಳು ಫೋಟೊದಲ್ಲಿ ಮೋಹಕ. ಅವುಗಳಲ್ಲಿ ತೇಲುವ ಬಣ್ಣದ ಕಣಗಳು ತಿಂಗಳುಗಳಲ್ಲಿ ತಳಕ್ಕಿಳಿದು ಕಾಲುವೆ ಕಟ್ಟುವ ಭಯ ಮಾತ್ರ ಇದ್ದೇ ಇದೆ. ದಿನವೂ ಕೆಲಸ ಮಾಡುವ ಯಂತ್ರಕ್ಕೆ ತಿಳಿನೀರಿನಂಥ ಕೂಲಂಟ್ ಹಾಕಿ, ಬಣ್ಣ ಬೇಕಿದ್ದರೆ ದೀಪದಿಂದ ತರುವುದು ಬಾಳಿಕೆಯ ದಾರಿ. ಕಪ್ಪು ಇಪಿಡಿಎಂ ರಬ್ಬರ್ ಕೊಳವೆಯನ್ನು ಹಲವರು ಚೆಂದದ ಪಟ್ಟಿಯಿಂದಲೇ ಹೊರಗಿಡುತ್ತಾರೆ. ಅದು ಅನ್ಯಾಯ. ಕಪ್ಪು ಕ್ಯಾಬಿನೆಟ್ಟಿನಲ್ಲಿ ಮೃದುವಾಗಿ ಬಾಗಿ ಹೋಗುವ ಆ ಕೊಳವೆಗೆ ತನ್ನದೇ ಗಾಂಭೀರ್ಯವಿದೆ. ಅದು ಬಿಸಿಗೆ ಜಾರುವುದಿಲ್ಲ, ಪಾರದರ್ಶಕ ಪಿವಿಸಿಯಂತೆ ಮಬ್ಬಾಗುವುದಿಲ್ಲ, ಪಂಪಿನ ನಡುಕವನ್ನೂ ನುಂಗಿಕೊಳ್ಳುತ್ತದೆ.

ಗಟ್ಟಿ ಕೊಳವೆ ಬಗ್ಗಿಸುವುದು ಕೈಕೆಲಸ. ಒಳಗೆ ಸಿಲಿಕೋನ್ ಹುರಿ ತೂರಿಸಿ, ಹೀಟ್ ಗನ್ನಿನ ಮುಂದೆ ಕೊಳವೆಯನ್ನು ನಿಲ್ಲಿಸದೆ ತಿರುಗಿಸುತ್ತಿರಬೇಕು. ಅದು ತನ್ನ ಭಾರಕ್ಕೇ ಬಾಗತೊಡಗಿದಾಗ ಅಚ್ಚಿಗೆ ಒತ್ತಿ ಹಿಡಿದು, ಆರುವವರೆಗೆ ಅಲುಗಿಸಬಾರದು. ಅವಸರಪಟ್ಟರೆ ಒಳಬದಿಯಲ್ಲಿ ಸುಕ್ಕು, ಹೆಚ್ಚು ಕಾಯಿಸಿದರೆ ಒಳಗೆ ಗುಳ್ಳೆ. ಕತ್ತರಿಸಿದ ತುದಿಯ ಅಂಚನ್ನು ಸಣ್ಣ ಮರಳುಕಾಗದದಿಂದ ಓರೆಯಾಗಿ ಉಜ್ಜುವುದು ಎಲ್ಲಕ್ಕಿಂತ ಮುಖ್ಯ. ಹರಿತವಾದ ಅಂಚು ಫಿಟಿಂಗಿನೊಳಗಿನ ರಬ್ಬರ್ ಉಂಗುರವನ್ನು ಸೀಳುತ್ತದೆ. ಗಟ್ಟಿ ಕೊಳವೆಯ ಲೂಪು ಸೋರುವುದು ಹೆಚ್ಚಾಗಿ ಈ ಕಾಣದ ಸೀಳಿನಿಂದ.

ಸೋರಿಕೆಯ ಪರೀಕ್ಷೆಯನ್ನು ಎರಡು ಹಂತದಲ್ಲಿ ಮಾಡುವುದು ವಾಡಿಕೆ. ಮೊದಲು ನೀರಿಲ್ಲದೆ, ಮೀಟರ್ ಇರುವ ಸಣ್ಣ ಕೈಪಂಪಿನಿಂದ ಲೂಪಿಗೆ ಸುಮಾರು 0.5 ಬಾರ್ ಗಾಳಿ ತುಂಬಿ ಅರ್ಧ ಗಂಟೆ ಬಿಡಬೇಕು. ಮುಳ್ಳು ಇಳಿಯದಿದ್ದರೆ ನೀರು ತುಂಬಬಹುದು. ಆಮೇಲೆ ಮದರ್‌ಬೋರ್ಡಿಗೂ ಕಾರ್ಡಿಗೂ ವಿದ್ಯುತ್ ಕೊಡದೆ, ಪವರ್ ಸಪ್ಲೈಯ ಜಂಪರ್ ಪ್ಲಗ್ ಹಾಕಿ ಪಂಪೊಂದನ್ನೇ ಒಂದು ಹಗಲು ಒಂದು ರಾತ್ರಿ ಓಡಿಸಿ, ಪ್ರತಿ ಫಿಟಿಂಗಿನ ಕೆಳಗೆ ಟಿಶ್ಯೂ ಕಾಗದ ಇಟ್ಟು ನೋಡಬೇಕು. ಇದೇ ಹೊತ್ತಿನಲ್ಲಿ ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ವಾಲಿಸಿ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಹೊರಡಿಸಬೇಕು. ಗುಳ್ಳೆ ಉಳಿದಷ್ಟು ದಿನ ಪಂಪು ಗುಳುಗುಳು ಎನ್ನುತ್ತಲೇ ಇರುತ್ತದೆ.

ಕರೆಂಟ್ ಹೋದರೆ ಏನು ಗತಿ ಎಂದು ಕೇಳುವವರುಂಟು. ಪಂಪೂ ಚಿಪ್ಪೂ ಒಟ್ಟಿಗೇ ನಿಲ್ಲುವುದರಿಂದ ಅಪಾಯವಿಲ್ಲ. ಚಿಪ್ಪು ಓಡುತ್ತಿದ್ದು ಪಂಪೊಂದೇ ನಿಂತಾಗ ತೊಂದರೆ. ಅದಕ್ಕೆ ಹರಿವಿನ ಸೆನ್ಸರ್ ಹಾಕಿ, ಹರಿವು ನಿಂತರೆ ಯಂತ್ರ ತಾನೇ ಬಂದ್ ಆಗುವಂತೆ ಮಾಡಿಡಬೇಕು.

ನೀರು ಗೆಲ್ಲಲಾರದ ಸದ್ದೂ ಒಂದಿದೆ. ಗ್ರಾಫಿಕ್ಸ್ ಕಾರ್ಡಿನ ಸುರುಳಿಗಳು ಭಾರದ ಕೆಲಸದಲ್ಲಿ ಕಂಪಿಸಿ ಹೊರಡಿಸುವ ಕೀರಲು ಸದ್ದು ಅದು. ಫ್ಯಾನಿನ ಗದ್ದಲ ಅಡಗಿದ ಮೇಲೆಯೇ ಅದು ಕಿವಿಗೆ ಬೀಳುತ್ತದೆ. ಫ್ರೇಮುಗಳ ವೇಗಕ್ಕೆ ಮಿತಿ ಹಾಕಿದರೆ, ವಿದ್ಯುತ್ ಮಿತಿ ಇಳಿಸಿದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಾರ್ಡಿನ ಮೂಲ ಹೀಟ್‌ಸಿಂಕ್ ಬಿಚ್ಚಿ ಬ್ಲಾಕ್ ಹಾಕಿದರೆ ವಾರಂಟಿಯ ಗತಿ ಏನು ಎಂಬುದನ್ನು ಬಿಚ್ಚುವ ಮೊದಲೇ ಮಾರಿದವರಲ್ಲಿ ಕೇಳಿಕೊಳ್ಳುವುದು ಒಳಿತು. ಇನ್ನು, 200 ವ್ಯಾಟಿನೊಳಗಿನ ಸಾಧಾರಣ ಯಂತ್ರಕ್ಕೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ದೊಡ್ಡ ತಾಮ್ರದ ಕೊಳವೆಗಳ ಏರ್ ಹೀಟ್‌ಸಿಂಕೊಂದು ಅದನ್ನು ಸದ್ದಿಲ್ಲದೆ ನಿಭಾಯಿಸುತ್ತದೆ, ಸೋರುವ ಚಿಂತೆಯೂ ಇಲ್ಲ.

ಲೂಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ಡ್ರೈನ್ ವಾಲ್ವ್ ಇಡುವುದನ್ನು ಮೊದಲ ನಕ್ಷೆಯಲ್ಲೇ ಗುರುತು ಹಾಕಿಕೊಳ್ಳಬೇಕು, ಆಮೇಲೆ ಅದಕ್ಕೆ ಜಾಗ ಸಿಗುವುದಿಲ್ಲ. ಕೂಲಂಟನ್ನು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಒಣ ಬೇಸಿಗೆಯಲ್ಲಿ ಮೃದು ಕೊಳವೆಯ ಗೋಡೆಯ ಮೂಲಕವೇ ನೀರು ಕಣಕಣವಾಗಿ ಆವಿಯಾಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಡಬ್ಬಿಯ ಮಟ್ಟ ನೋಡಿ ತುಂಬಬೇಕಾಗುತ್ತದೆ. ತೆಗೆದ ಹಳೆಯ ಕೂಲಂಟನ್ನು ಹಿತ್ತಲಿಗೂ ಚರಂಡಿಗೂ ಚೆಲ್ಲಬಾರದು. ಕೆಲವು ಕೂಲಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ. ನಾಯಿ, ಬೆಕ್ಕು, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳ ಬಿಗಿದ ಕ್ಯಾನಿನಲ್ಲಿ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟು, ವಾಹನಗಳ ಹಳೆಯ ಕೂಲಂಟ್ ತೆಗೆದುಕೊಳ್ಳುವ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು.